ಕಪಾಟಿನ ಎಡಭಾಗ

ಮದುವೆಯ ವಿಷಯವಾಗಿ ವಕೀಲನ ಬಳಿ ಬರುವವರು ಕೇಳುವ ಪ್ರಶ್ನೆಗಳು ಏಳೆಂಟಕ್ಕಿಂತ ಹೆಚ್ಚಿಲ್ಲ. ಫೋಟೊ ತೆಗೆಸದಿದ್ದರೆ ಮದುವೆ ಊರ್ಜಿತವೇ? ಸಾಕ್ಷಿ ಹಾಕಿದವ ಆಮೇಲೆ ಜಗಳವಾಡಿ ಮಾತು ಬಿಟ್ಟರೆ? ಮದುವೆಗೆ ಮುಂಚೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಗೊರಕೆ ಹೊಡೆಯಕೂಡದೆಂದು ಸೇರಿಸಬಹುದೇ? ಧಾರಾಳವಾಗಿ ಸೇರಿಸಬಹುದು, ಕೋರ್ಟು ಅದನ್ನು ಜಾರಿ ಮಾಡುವುದಿಲ್ಲ, ಅಷ್ಟೆ. ಮೂವತ್ತು ವರ್ಷದಲ್ಲಿ ಉತ್ತರಗಳೆಲ್ಲ ನನಗೆ ಬಾಯಿಪಾಠವಾಗಿವೆ. ಒಬ್ಬ ದರ್ಜಿ ಹೆಂಗಸು ಕೇಳಿದ್ದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

"ಸಾರ್, ಸತ್ತವರು ದಪ್ಪ ಆಗ್ತಾರಾ?"

ಆಕೆ ಮೊದಲು ಬಂದದ್ದು ಅದಕ್ಕೆ ಎರಡು ವಾರ ಮುಂಚೆ, ಮದುವೆಯಾಗಲಿದ್ದ ಗಡಿಯಾರ ರಿಪೇರಿಯವನ ಜೊತೆ. ಆತನ ಮೊದಲ ಹೆಂಡತಿ ಒಂಬತ್ತು ವರ್ಷದ ಹಿಂದೆ, ಒಂದು ಕಾಗದ ಅಂಚೆಗೆ ಹಾಕಿ ಬರುತ್ತೇನೆಂದು ಹೋದವಳು ಹಿಂತಿರುಗಲಿಲ್ಲ. ಅಂದು ಮೈ ಕೊರೆಯುವ ಚಳಿ. ಅವಳ ಕೋಟು ಮಾತ್ರ ಗೂಟದಲ್ಲೇ ಇತ್ತು. ಏಳು ವರ್ಷ ಸುಳಿವಿಲ್ಲದವರನ್ನು ಸತ್ತವರೆಂದೇ ಕಾನೂನು ಭಾವಿಸುತ್ತದೆ. ಕೋರ್ಟಿನ ಆದೇಶವೂ ಆಗಿತ್ತು. ಜೊತೆಗೆ ಆತನ ಅಕ್ಕ ಬಂದಿದ್ದಳು. ಆ ಮನೆಯಲ್ಲಿ ಮಾತೆಲ್ಲ ಅವಳ ಪಾಲಿಗೆ ಬಂದಂತಿತ್ತು.

"ಬರೆದು ಮುಗಿಸಿಬಿಡಿ ವಕೀಲರೇ. ನಮ್ಮವನದು ಏನೂ ಷರತ್ತಿಲ್ಲ. ಗಡಿಯಾರ ನಿಂತ್ರೆ ಮಾತ್ರ ಬಾಯಿ ತೆಗೀತಾನೆ."

"ಒಂದಿದೆ" ಎಂದ ತಮ್ಮ.

ಅಂಗಡಿ, ಹೊಲಿಗೆ ಯಂತ್ರಗಳು ಆಕೆಯವು, ಮನೆ ಆತನದು, ಆತನ ನಂತರ ಆಕೆ ಜೀವವಿರುವವರೆಗೆ ಆ ಮನೆಯಲ್ಲಿರಬಹುದು. ಇಷ್ಟು ಬರೆದಾಗಿತ್ತು. ಆತನ ಷರತ್ತು ಇದು: ಮಲಗುವ ಕೋಣೆಯ ಕಪಾಟಿನ ಎಡಭಾಗ ಇದ್ದಹಾಗೇ ಇರಬೇಕು. ಅಲ್ಲಿದ್ದದ್ದು ಆ ಕೋಟು.

"ಒಂಬತ್ತು ವರ್ಷದಿಂದ ಇದೇ ರಾಗ" ಎಂದಳು ಅಕ್ಕ. "ಹೋದವಳ ಕೋಟಿಗಿರೋ ಮರ್ಯಾದೆ ಇಲ್ಲಿ ಇದ್ದವರಿಗಿಲ್ಲ."

"ಇರಲಿ ಬಿಡಿ ಅತ್ತಿಗೆ" ಎಂದಳು ದರ್ಜಿ. "ನನ್ನ ಬಟ್ಟೆ ಹೊಲ್ಕೊಳ್ಳೋಕೆ ನನಗೇ ಪುರುಸೊತ್ತಿಲ್ಲ. ಬಲಗಡೆ ಧಾರಾಳವಾಯ್ತು."

ನೋಂದಣಿ ಕಚೇರಿಯ ಹಲಗೆಗೆ ಮೂವತ್ತು ದಿನದ ನೋಟಿಸು ಅಂಟಿಸಿದರು. ತಕರಾರಿದ್ದವರು ಅಷ್ಟರೊಳಗೆ ಬಂದು ಹೇಳಬೇಕು.

ಈಗ ಎರಡು ವಾರದ ಮೇಲೆ ಆಕೆ ಒಬ್ಬಳೇ ಬಂದು ಕೂತಿದ್ದಳು. ಪರದೆಗೆ ಅಳತೆ ತೆಗೆಯಲು ಆತನ ಮನೆಗೆ ಹೋಗಿದ್ದಾಗ ಕಪಾಟಿನ ಎಡಬಾಗಿಲು ಒಂದಿಷ್ಟು ತೆರೆದಿತ್ತಂತೆ. ದರ್ಜಿಯ ಕೈ, ಸುಮ್ಮನಿದ್ದೀತೇ. ಕೋಟಿನ ಒಳಮೈ ತಿರುಗಿಸಿ ನೋಡಿದ್ದಾಳೆ.

"ಎರಡು ಸಲ ಬಿಚ್ಚಿ ಸಡಿಲ ಮಾಡಿದಾರೆ ಸಾರ್. ಹಳೇ ಸೂಜಿ ತೂತು ಹಾಗೇ ಇವೆ. ಈಗಿರೋ ದಾರ ಒಂದು ವರ್ಷದ್ದೂ ಅಲ್ಲ."

"ಆತನೇ ಹೊಲಿದಿರಬಹುದು. ಸೂಕ್ಷ್ಮ ಕೆಲಸದ ಕೈ."

"ಅವರ ಅಂಗಿಗೆ ಗುಂಡಿ ಹಾಕಿಕೊಡೋಳು ನಾನು. ಅದೂ ಅಲ್ಲದೆ ಇದು ಎಡಗೈ ಹೊಲಿಗೆ, ಓರೆ ಆ ಕಡೆಗಿದೆ. ಆ ಹೋದವಳು ಎಡಚಿ ಅಂತ ಅತ್ತಿಗೆ ಯಾವಾಗಲೋ ಅಂದಿದ್ರು."

ನಾನು ಆಕೆಗೆ ಕಾನೂನು ವಿವರಿಸಿದೆ. ಕೋರ್ಟಿನ ಆದೇಶ ಬರೀ ಊಹೆ. ಆ ಹೆಂಗಸು ಜೀವಂತ ಎದುರು ಬಂದು ನಿಂತರೆ ಕರಗಿಹೋಗುತ್ತದೆ. ಎರಡನೆಯ ಮದುವೆ ಮೊದಲಿನಿಂದಲೇ ಆಗಿಲ್ಲವೆಂದಾಗುತ್ತದೆ. ಮದುವೆಯನ್ನು ನಂಬಿಕೊಂಡ ಒಪ್ಪಂದವೂ ಅದರ ಹಿಂದೆಯೇ ಹೋಗುತ್ತದೆ.

"ಇಪ್ಪತ್ತು ವರ್ಷದಿಂದ ಬೇರೆಯವರ ಮದುವೆಗೆ ಹೊಲೀತಿದೀನಿ" ಎಂದಳು. "ನನ್ನದು ಒಂದೇ ಸಲ ಆಗಬೇಕು. ಆಗಿದ್ದು ನಿಲ್ಲಬೇಕು."

"ಬದುಕಿದ್ದವಳಿಗೆ ಬಾಯಿ ಇರುತ್ತೆ. ಮೂವತ್ತು ದಿನ ಮುಗೀಲಿ, ನೋಡೋಣ" ಎಂದೆ.

ಆಕೆ ನನ್ನ ಸಲಹೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಅದೇ ಸಂಜೆ ಹೋಗಿ, ಕೋಟಿನ ಎರಡು ತೋಳುಗಳ ಒಳಗೂ ಅಡ್ಡಲಾಗಿ ಒಂದೊಂದು ಎಳೆ ದಾರ ಹಾಕಿ ಬಂದಳು. ಯಾರು ತೋಳು ತೂರಿಸಿದರೂ ಹರಿಯಬೇಕು.

ಮೂವತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆ. ನಮ್ಮ ನೋಂದಣಿ ಕಚೇರಿಯಲ್ಲಿ ಒಂದು ಕ್ರಮವಿದೆ: ಸಹಿಗೆ ಮುಂಚೆ ಜವಾನ ಬಾಗಿಲಲ್ಲಿ ನಿಂತು, ತಕರಾರಿದ್ದವರು ಬನ್ನಿ ಎಂದು ಮೂರು ಸಲ ಕೂಗಬೇಕು. ಬಸ್ಸು ಹೊರಟಿತು ಎನ್ನುವ ಧಾಟಿಯಲ್ಲಿ ಕೂಗಿದ. ಉದ್ದನೆಯ ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಮೂರನೆಯ ಕೂಗಿಗೆ ಮಾತ್ರ ಅವನು ಯಾರಿಗೋ ದಾರಿ ಬಿಡುವವನಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಯಾಕೆ ಸರಿದೆನೆಂದು ತಾನೇ ಹುಬ್ಬು ಗಂಟಿಕ್ಕಿದ.

ದರ್ಜಿ ನನ್ನ ಪಕ್ಕದ ಬೆಂಚಿನಲ್ಲಿದ್ದಳು. ಹೊಸದಾಗಿ ಹೊಲಿದುಕೊಂಡ ಕಡುನೀಲಿ ಉಡುಪು.

"ಬೆಳಿಗ್ಗೆ ನೋಡಿ ಬಂದೆ ಸಾರ್. ದಾರ ಹರಿದಿಲ್ಲ."

"ಒಳ್ಳೇದಾಯ್ತಲ್ಲ."

"ಕೋಟು ಚಿಕ್ಕದಾಗಿದೆ." ಆಕೆಯ ದನಿ ಗಿರಾಕಿಗೆ ಲೆಕ್ಕ ಒಪ್ಪಿಸುವವರ ದನಿಯಂತಿತ್ತು. "ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಿದಾರೆ. ಉದ್ದ ಎರಡು ಇಂಚು ಮಡಚಿದಾರೆ. ಅದೇ ಎಡಗೈ. ಭುಜಕ್ಕೆ ಹಿಡಿದು ನೋಡಿದೆ. ನನ್ನ ಅಳತೆ."

ನಾನು ಕನ್ನಡಕ ಒರೆಸಿಕೊಂಡೆ.

"ಬದುಕಿರೋ ಹೆಂಗಸು ತನ್ನ ಕೋಟನ್ನ ಇನ್ನೊಬ್ಬಳ ಅಳತೆಗೆ ಹೊಲಿದುಕೊಡ್ತಾಳಾ ಸಾರ್? ಕೊಡಲ್ಲ. ಹಾಗಾದ್ರೆ ಸತ್ತಿದಾಳೆ. ಮದುವೆ ನಿಲ್ಲುತ್ತೆ ಅಲ್ವಾ?"

"ಸತ್ತಿದ್ದರೆ ನಿಲ್ಲುತ್ತೆ."

"ಸಾಕು." ತೋಳಿನ ಮಡಿಕೆ ಸರಿಮಾಡಿಕೊಂಡಳು. "ನನ್ನ ಅಳತೆ ನಾನು ಎಲ್ಲೂ ಬರೆದಿಟ್ಟಿಲ್ಲ. ಬೆನ್ನಿನ ಅಳತೆಯಂತೂ ಹಿಂದೆ ಬಂದು ಒತ್ತಿ ನಿಲ್ಲದೆ ತೆಗೆಯೋಕಾಗಲ್ಲ. ಅದೊಂದು ಗೊತ್ತಾಗ್ತಿಲ್ಲ, ಅಷ್ಟೆ."

ಒಳಗೆ ಕರೆದರು. ಗಡಿಯಾರದವನು ಸಹಿ ಮಾಡಿ ಪೆನ್ನು ಆಕೆಗೆ ಕೊಟ್ಟ. ಆಕೆ ರಿಜಿಸ್ಟರಿನ ಮೇಲೆ ಬಾಗಿ ಒಂದು ಕ್ಷಣ ತಡೆದಳು.

"ಯೋಚನೆ ಮಾಡಿ ಹಾಕಮ್ಮ" ಎಂದಳು ಅಕ್ಕ. "ಇದೇನು ನಿನ್ನ ಹೊಲಿಗೆ ಅಲ್ಲ, ಬೇಡ ಅಂದಾಗ ಬಿಚ್ಚೋಕೆ."

ಆಕೆ ನಕ್ಕು ಸಹಿ ಹಾಕಿದಳು. ನಾನು ಹಿಂದೆ ನಿಂತಿದ್ದೆ. ಕಡುನೀಲಿ ಬಟ್ಟೆಯ ಮೇಲೆ, ಎರಡು ಭುಜಗಳ ನಡುವೆ, ಅವರವರ ಕೈ ಅವರವರಿಗೆ ಎಟುಕದ ಜಾಗದಲ್ಲಿ, ದರ್ಜಿಗಳು ಸೀಮೆಸುಣ್ಣದಲ್ಲಿ ಎಳೆಯುವಂಥ ಮೂರು ಗಿಡ್ಡ ಗೆರೆಗಳಿದ್ದವು. ಬೆಂಚಿನಿಂದ ಏಳುವಾಗ ಇರಲಿಲ್ಲ. ಮೂರೂ ಎಡಗೈಯವರ ಓರೆ.

"ಈಗ ಊರ್ಜಿತ ಅಲ್ವಾ ಸಾರ್?" ಆಕೆ ತಿರುಗದೆಯೇ ಕೇಳಿದಳು.

"ಪೂರ್ತಿ ಊರ್ಜಿತ" ಎಂದೆ.

ಗೆರೆಗಳನ್ನು ಒರೆಸೋಣವೆಂದು ಕರವಸ್ತ್ರ ತೆಗೆದೆ. ಆದರೆ ಅಳಿಸಿಬಿಟ್ಟರೆ ಆ ಮೊದಲನೆಯವಳು ಮತ್ತೆ ಬಂದು ಅಳತೆ ತೆಗೆಯಬೇಕಾಗುತ್ತದಲ್ಲ ಎನ್ನಿಸಿತು. ಹಾಗೇ ಮಡಚಿ ಜೇಬಿಗಿಟ್ಟುಕೊಂಡೆ.