ಕಾಳಾಚಾರ್ರ ರಕ್ತಪರೀಕ್ಷೆ

ಬಣ್ಣ ಬಳಿದ ಟ್ರಂಕುಗಳನ್ನು ನಮ್ಮ ಕಾರ್ಖಾನೆಯ ಹಿತ್ತಿಲಿನಲ್ಲಿ ಸಾಲಾಗಿ, ಮುಚ್ಚಳ ತೆರೆದು ಒಣಗಲು ಇಡುತ್ತಿದ್ದೆವು. ಒಂದೊಂದು ಮುಚ್ಚಳದ ಮೇಲೂ ಒಂದೊಂದು ನವಿಲು. ಬೇರೆ ಊರಿನ ಟ್ರಂಕುಗಳ ಮೇಲೂ ನವಿಲುಗಳಿರುತ್ತಿದ್ದವು, ಆದರೆ ಅವು ಕೋಳಿಗಳ ಹಾಗೆ ಕಾಣುತ್ತಿದ್ದವು. ನಮ್ಮವು ನಿಜವಾದ ನವಿಲುಗಳು. ಬರೆಯುತ್ತಿದ್ದವರು ಕಾಳಾಚಾರ್ರು. ಮದುವೆಗೆ ಟ್ರಂಕು ಕೊಳ್ಳಲು ಬಂದವರು ತಗಡಿನ ದಪ್ಪ ನೋಡುವ ಮೊದಲು ನವಿಲಿನ ಕಣ್ಣು ನೋಡುತ್ತಿದ್ದರು.

ಕಾರ್ಖಾನೆ ಎಂದರೆ ಒಂದು ದೊಡ್ಡ ಕೊಟ್ಟಿಗೆ ಅಷ್ಟೆ. ಯಜಮಾನರು ಚೆನ್ನಬಸಯ್ಯ, ಅವರ ಕೆಳಗೆ ನಾವು ಎಂಟು ಜನ. ನಾನು ತಗಡು ಕತ್ತರಿಸುವವನು. ಆಗ ನನಗೆ ಮೂವತ್ತಾರು. ಬೆಳಿಗ್ಗೆ ಗರಡಿಯಲ್ಲಿ ಸಾಮು ಮಾಡಿ, ಹನ್ನೆರಡು ಇಡ್ಲಿ ತಿಂದು ಕೆಲಸಕ್ಕೆ ಬರುತ್ತಿದ್ದೆ. ನನ್ನ ಮೈಕಟ್ಟಿನ ಬಗ್ಗೆ ನನಗೆ ಬಹಳ ಜಂಬ. ಕಾಳಾಚಾರ್ರು ಐವತ್ತನಾಲ್ಕರ ಸಣಕಲು ಮನುಷ್ಯ. ಬಣ್ಣದ ಗಾಳಿ ಕುಡಿದು ಕುಡಿದು ಅವರಿಗೆ ಸದಾ ಕೆಮ್ಮು. ಅವರು ಕೆಮ್ಮತೊಡಗಿದರೆ ನಾನು ಕತ್ತರಿ ನಿಲ್ಲಿಸಿ, "ಮೆಲ್ಲಗೆ ಆಚಾರ್ರೇ, ತಗಡು ಹಾರೋಗ್ತವೆ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು, ನಕ್ಕದ್ದಕ್ಕೆ ಮತ್ತೆ ಕೆಮ್ಮು ಬರುತ್ತಿತ್ತು.

ಆ ವರ್ಷ ಸರ್ಕಾರ ಹೊಸ ಕಾಯಿದೆ ತಂದಿತು. ಐದು ಆಳುಗಳನ್ನು ಇಟ್ಟುಕೊಂಡ ಸಣ್ಣ ಅಂಗಡಿಯವರೂ ಆಳುಗಳಿಗೆ, ಅವರ ಮನೆಯವರಿಗೆ ಆರೋಗ್ಯ ವಿಮೆ ಮಾಡಿಸಲೇಬೇಕು. ಕಂತಿನಲ್ಲಿ ಅರ್ಧ ಯಜಮಾನರದು, ಅರ್ಧ ನಮ್ಮ ಸಂಬಳದಿಂದ. ಸಂಬಳದ ಮಾತು ಕೇಳಿ ನಾವೆಲ್ಲ ಗೊಣಗಿದೆವು. ಕಾಳಾಚಾರ್ರು ಮಾತ್ರ ಆ ದಿನ ಎಲ್ಲರಿಗೂ ಟೀ ಕೊಡಿಸಿದರು. ಅವರ ಹೆಂಡತಿ ಅಂಬುಜಮ್ಮನ ಹೃದಯದ ಕವಾಟ ಕೆಟ್ಟಿತ್ತು. ವರ್ಷದೊಳಗೆ ಆಪರೇಷನ್ ಆಗದಿದ್ದರೆ ಕಷ್ಟ ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದರು. ಅವರು ಹೇಳಿದ ಖರ್ಚು ಆಚಾರ್ರು ಈ ಜನ್ಮದಲ್ಲಿ ನೋಡುವಂಥದ್ದಲ್ಲ. ವಿಮೆಯ ಕಾರ್ಡು ಕೈಗೆ ಬಂದರೆ ಎಲ್ಲ ಪುಕ್ಕಟೆ.

ಆದರೆ ವಿಮೆ ಕಂಪನಿ ಸಣ್ಣ ಅಂಗಡಿಗಳಿಗೆ ದರ ಕಟ್ಟುತ್ತಿದ್ದ ರೀತಿಯೇ ಬೇರೆ. ಸಾವಿರ ಜನರ ಗಿರಣಿಯಲ್ಲಿ ಹತ್ತು ರೋಗಿಗಳಿದ್ದರೂ ಯಾರಿಗೂ ಭಾರವಾಗುವುದಿಲ್ಲ. ಎಂಟು ಜನರಲ್ಲಿ ಒಬ್ಬನಿಗೆ ಕಾಯಿಲೆಯಿದ್ದರೆ ಎಂಟೂ ಜನರ ಕಂತು ಏರುತ್ತದೆ. ಮನೆಯವರ ಕಾಯಿಲೆ ಕೇಳಬಾರದೆಂದು ಕಾಯಿದೆಯಲ್ಲೇ ಇತ್ತು. ಆಳುಗಳಲ್ಲಿ ಐವತ್ತು ದಾಟಿದವರನ್ನು ಮಾತ್ರ ಕಂಪನಿಯ ಡಾಕ್ಟರು ಪರೀಕ್ಷೆ ಮಾಡಬಹುದಿತ್ತು. ನಮ್ಮಲ್ಲಿ ಐವತ್ತು ದಾಟಿದವರು ಕಾಳಾಚಾರ್ರೊಬ್ಬರೇ.

"ಡಾಕ್ಟ್ರ ಮುಂದೆ ಒಂದ್ಸಲ ಕೆಮ್ಮಿದ್ರೂ ಎಲ್ಲರ ಹೊಟ್ಟೆ ಮೇಲೆ ಹೊಡ್ದಂಗೆ, ನೆನಪಿರ್ಲಿ" ಎಂದು ಯಜಮಾನರು ಅವರಿಗೆ ಎಲ್ಲರೆದುರೇ ಹೇಳಿದರು.

ಉಪಾಯ ಹೊಳೆದದ್ದು ನನಗೆ. ಡಾಕ್ಟರು ಪರ ಊರಿನವರು, ಅವರಿಗೆ ನಮ್ಮ ಯಾರ ಮುಖವೂ ಗೊತ್ತಿಲ್ಲ. "ನಿಮ್ ಬದ್ಲು ನಾನು ಹೋಗ್ತೀನಿ ಬಿಡ್ರಿ. ನಿಮ್ ರಕ್ತ ತೆಗೆದ್ರೆ ಸೂಜೀಲಿ ಹಸಿರು ಬಣ್ಣ ಬರ್ತದೆ" ಎಂದು ಸಂಜೆ ಅವರೊಬ್ಬರೇ ಸಿಕ್ಕಾಗ ಅಂದೆ. ದಯೆಯಿಂದ ಹೇಳಿದೆನೆಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನ್ನ ಕಂತು ಏರಬಾರದಿತ್ತು, ಜೊತೆಗೆ ಒಬ್ಬ ಡಾಕ್ಟರು ನನ್ನ ಎದೆ ಮುಟ್ಟಿ ಭೇಷ್ ಎನ್ನುವುದನ್ನು ಕೇಳಬೇಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ, ಬೇರೆ ಯಾರೂ ಬರುವ ಮುಂಚೆ, ಆಚಾರ್ರು ನನ್ನನ್ನು ಹಿತ್ತಿಲಿನ ಟ್ರಂಕುಗಳ ನಡುವೆ ಕೂರಿಸಿ, ನವಿಲಿನ ಕಣ್ಣಿಗೆಂದು ಇಟ್ಟುಕೊಂಡಿದ್ದ ಸಣ್ಣ ಕುಂಚ ತೆಗೆದರು. ಬಿಳಿ ಬಣ್ಣಕ್ಕೆ ಒಂದಿಷ್ಟು ಬೂದು ಬೆರೆಸಿ, ನನ್ನ ಕಿವಿಯ ಪಕ್ಕದ ಕೂದಲನ್ನೂ ಮೀಸೆಯನ್ನೂ ಒಂದೊಂದೇ ಎಳೆಯಾಗಿ ನರೆಸಿದರು. "ಅಲ್ಲಾಡ್ಬೇಡ್ವೋ" ಎಂದು ಗದರಿದರು. ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ನನಗಿಂತ ನೀನೇ ಚೆನ್ನಾಗಿ ವಯಸ್ಸಾಗಿದೀಯ" ಎಂದು ನಕ್ಕರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮುಂಚೆ ನೋಡಿರಲಿಲ್ಲ.

"ಐವತ್ನಾಲ್ಕಾ? ಏನ್ ತಿಂತೀರ್ರೀ ನೀವು?" ಎಂದರು ಕಂಪನಿಯ ಕಚೇರಿಯಲ್ಲಿ ಡಾಕ್ಟರು. ನಾನು ಎದೆಯುಬ್ಬಿಸಿ ಕಾಳಾಚಾರಿ ಎಂದು ರುಜು ಹಾಕಿದೆ. ರಕ್ತ ಕೊಟ್ಟೆ, ಶೀಷೆಯಲ್ಲಿ ಮೂತ್ರ ಕೊಟ್ಟೆ, ಸೀಮೆಎಣ್ಣೆಯಲ್ಲಿ ಕೂದಲು ಉಜ್ಜಿಕೊಂಡು ಮಧ್ಯಾಹ್ನದ ಕೆಲಸಕ್ಕೆ ಬಂದೆ.

ಹದಿನೈದು ದಿನಕ್ಕೆ ವರದಿ ಬಂತು. ಯಜಮಾನರು ಎಲ್ಲರನ್ನೂ ಕರೆದು ಓದಿದರು. "ಸಕ್ಕರೆ ಕಾಯಿಲೆ. ಅದೂ ಮಿತಿ ಮೀರಿ. ಮೂತ್ರಪಿಂಡಕ್ಕೂ ಹತ್ತೈತಂತೆ. ಇನ್ಮೇಲೆ ಎಲ್ಲರ ಕಂತೂ ಒಂದೂವರೆಪಟ್ಟು."

ಕೆಲವು ತಿಂಗಳಿಂದ ಎಷ್ಟು ನೀರು ಕುಡಿದರೂ ನನಗೆ ದಾಹ ತೀರುತ್ತಿರಲಿಲ್ಲ. ಸಾಮಿನ ಬೆವರಿಗೆ ಹಾಗೆ ಎಂದುಕೊಂಡಿದ್ದೆ. ಈಗ ನಿಂತಲ್ಲೇ ನಾಲಿಗೆ ಒಣಗಿತು.

"ಬರೀ ಕೆಮ್ಮು ಅಂದ್ಕಂಡಿದ್ವಿ, ಒಳಗಿಂದೊಳಗೆ ಬೆಲ್ಲದ ಮಂಡಿ ಇಟ್ಟವ್ರೆ ಆಚಾರ್ರು" ಎಂದ ರಿವೆಟ್ಟು ಹೊಡೆಯುವವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಯಜಮಾನರು ಕಾಗದ ಮಡಚಿದರು. "ಆಚಾರ್ರು ಪಟ್ಟೀಲಿ ಇಲ್ದಿದ್ರೆ ಮೊದ್ಲು ಹೇಳಿದ್ ದರಕ್ಕೇ ಕೊಡ್ತಾರಂತೆ. ಪಟ್ಟೀಲಿ ಇಲ್ಲ ಅಂದ್ರೆ ಕೆಲಸ್ದಲ್ಲೂ ಇರೋ ಹಂಗಿಲ್ಲ. ನೀವೇ ಹೇಳ್ರಪ್ಪ ಏನ್ ಮಾಡೋದು."

ಕಾಳಾಚಾರ್ರು ನನ್ನನ್ನೇ ನೋಡುತ್ತಿದ್ದರು. ಅದು ಯಾರ ರಕ್ತವೆಂದು ಅಲ್ಲಿ ಇಬ್ಬರಿಗೇ ಗೊತ್ತಿತ್ತು. ಅಂಬುಜಮ್ಮನ ಜೀವ ಆಗ ನನ್ನ ಒಂದು ಮಾತಿನಲ್ಲಿತ್ತು, ಅದೂ ನನಗೆ ಗೊತ್ತಿತ್ತು. ನಾನು ಮಾತಾಡಿದೆ.

"ಒಬ್ರಿಗೋಸ್ಕರ ಏಳು ಮನೆಯೋರು ಯಾಕೆ ಅನುಭವಿಸ್ಬೇಕು ಯಜಮಾನ್ರೇ?"

ಆಚಾರ್ರು ತಲೆ ತಗ್ಗಿಸಿ, "ಆಯ್ತು" ಎಂದರು. ಅವರು ಹಿತ್ತಿಲಿನಲ್ಲಿ ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ನಾನು ಹಿಂದೆಯೇ ಹೋದೆ. "ನೀವು ಹೇಳ್ಬೌದಿತ್ತಲ್ಲ?" ಎಂದೆ.

"ಹೇಳಿದ್ರೆ ಮೋಸ ಮಾಡಿದ್ರು ಅಂತ ಇಬ್ರನ್ನೂ ಓಡಿಸೋರು. ಅವಳಿಗೆ ಹೆಂಗಿದ್ರೂ ಕಾರ್ಡು ಸಿಕ್ತಿರ್ಲಿಲ್ಲ. ನೀನಾಗಿ ಒಪ್ಕಂಡಿದ್ರೆ ಯಜಮಾನ್ರ ಮನಸ್ಸು ಏನಾದ್ರೂ..." ಎಂದು ಅಲ್ಲಿಗೇ ನಿಲ್ಲಿಸಿದರು. "ಹೋಗ್ಲಿ ಬಿಡು. ಚಿಕ್ಕ ಮಕ್ಕಳವೆ ನಿಂಗೆ. ಬೇಗ ತೋರಿಸ್ಕೋ. ಕಾಲಿಗೆ ತಗಡು ಗೀರದಂಗೆ ನೋಡ್ಕೋ."

ನನಗೆ ಕೃತಜ್ಞತೆ ಬರಲಿಲ್ಲ. ಸಿಟ್ಟು ಬಂತು. ಅವರು ನನ್ನ ಮುಖಕ್ಕೆ ಉಗಿದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಕಾರ್ಡು ಬಂದ ವಾರದಲ್ಲೇ ಅದನ್ನು ತೋರಿಸಿ ಔಷಧಿ ತಂದವನು ನಾನೇ. ಪಕ್ಕದ ಊರಿನ ಆಸ್ಪತ್ರೆಗೆ ಕದ್ದು ಹೋಗಿ ತಂದೆ. ಮರುವರ್ಷ ಕಂತು ಹೇಗೂ ಏರಿತು, ಎಲ್ಲ ಸಣ್ಣ ಅಂಗಡಿಗಳದೂ ಏರಿತು. ಆದರೆ ಅದಕ್ಕಿಂತ ಮುಂಚೆಯೇ ಗಿರಾಕಿಗಳು ನವಿಲು ಕೇಳಿಕೊಂಡು ಬರತೊಡಗಿದ್ದರು. ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ವಿಮೆ ಕಟ್ಟಬೇಕಾಗಿಲ್ಲ ಎಂದು ಯಜಮಾನರು ಯಾರಿಂದಲೋ ತಿಳಿದುಕೊಂಡರು. ಟ್ರಂಕಿಗೆ ಇಷ್ಟೆಂದು ಗೊತ್ತುಮಾಡಿ, ಕಾಳಾಚಾರ್ರ ಮನೆಗೇ ಟ್ರಂಕುಗಳನ್ನು ಕಳಿಸತೊಡಗಿದರು. ಗಟ್ಟಿಮುಟ್ಟಾದ ಆಳೆಂದು ಕೈಗಾಡಿ ತಳ್ಳುವ ಕೆಲಸ ನನಗೆ ಬಂತು.

ಅಂಬುಜಮ್ಮ ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮುಂಚೆ ನಾನು ಮೊದಲ ಸಲ ಆ ಮನೆಗೆ ಹೋದೆ. ಅಂಗಳದಲ್ಲಿ ಟ್ರಂಕುಗಳು ಬಾಯಿ ತೆರೆದುಕೊಂಡು ಒಣಗುತ್ತಿದ್ದವು. ಬಯಲಿನಲ್ಲಿ ಬಣ್ಣ ಬಳಿಯುತ್ತಿದ್ದ ಆಚಾರ್ರಿಗೆ ಕೆಮ್ಮು ಪೂರ್ತಿ ನಿಂತಿತ್ತು. ಅವರ ರಕ್ತದಲ್ಲಿ ಯಾವ ದೋಷವೂ ಇದ್ದಿರಲಾರದು. ಜಗುಲಿಯ ಮೇಲೆ ಅಂಬುಜಮ್ಮ ಹಾಗಲಕಾಯಿ ಅರೆಯುತ್ತಿದ್ದರು. ಗುಂಡನ್ನು ಎರಡು ಸುತ್ತು ತಿರುಗಿಸಿ, ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದರು.

"ಯಜಮಾನ್ರು ಹೇಳಿಕಳ್ಸಿದ್ರಪ್ಪ ಇವ್ರ ಸಕ್ಕರೆ ಕಾಯಿಲೆ ವಿಷ್ಯಾನ. ಇವ್ರು ನನ್ ಹತ್ರ ಬಾಯೇ ಬಿಟ್ಟಿರ್ಲಿಲ್ಲ. ಅವತ್ನಿಂದ ಒಂದು ಚೂರು ಬೆಲ್ಲ ಮುಟ್ಟಕ್ಕೆ ಬಿಟ್ಟಿಲ್ಲ ನಾನು. ದಿನಾ ಎರಡು ಹೊತ್ತು ಇದೇ ರಸ. ನನ್ನ ಕತೆ ಏನಾದ್ರಾಗ್ಲಿ, ಇವ್ರನ್ನ ಉಳಿಸ್ಕಂಡೇ ಹೋಗೋದು" ಎಂದರು.

ಆಚಾರ್ರು ಕುಂಚದಿಂದ ಕಣ್ಣೆತ್ತಲಿಲ್ಲ. ಆಕೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಎರಡು ಲೋಟ ತಂದರು. ಹಸಿರು ರಸ ಆಚಾರ್ರ ಮುಂದೆ, ಕಾಫಿ ನನ್ನ ಮುಂದೆ. "ನಿಂಗೆ ಮೂರು ಚಮಚ ಸಕ್ಕರೆ ಹಾಕಿದೀನಪ್ಪ, ದುಡಿಯೋ ಮೈ" ಎಂದರು.

"ಅವ್ನಿಗೆ ಅಷ್ಟೊಂದು ಹಾಕ್ಬೇಡ್ವೇ" ಎಂದರು ಆಚಾರ್ರು.

"ಸುಮ್ನಿರ್ರಿ. ನಿಮಗಿಲ್ಲ ಅಂತ ಊರೋರ್ಗೂ ಬೇಡ್ವಾ?"

ಆಚಾರ್ರು ಲೋಟ ಎತ್ತಿ, ಕಣ್ಣು ಮುಚ್ಚಿಕೊಂಡು ಒಂದೇ ಗುಟುಕಿಗೆ ಕುಡಿದರು. ಆಕೆ ಸೆರಗಿನಿಂದ ಅವರ ಬಾಯಿ ಒರೆಸಿ, ನನ್ನ ಎದುರು ಕೂತರು. ನಾನು ಕಾಫಿ ಕುಡಿದೆ. ಆಕೆ ನೋಡುತ್ತಲೇ ಇದ್ದುದರಿಂದ ಒಂದು ಹನಿಯೂ ಬಿಡದೆ ಕುಡಿದೆ. ಲೋಟದ ತಳದಲ್ಲಿ ಕರಗದ ಸಕ್ಕರೆ ಉಳಿದಿತ್ತು. "ಅದ್ಯಾಕೆ ಬಿಡ್ತೀಯ, ಬೆರಳಾಡಿಸಿ ತಿನ್ನು" ಎಂದರು. ತಿಂದೆ.