ಪಳಗಿದ ಬಾಣಲೆ

ನಾವಿಬ್ಬರೂ ಹೊಸ ಬಾಡಿಗೆ ಮನೆಗೆ ಬಂದ ದಿನವೇ ಅತ್ತೆ ಒಂದು ಗೋಣಿಚೀಲ ಹೊರಿಸಿಕೊಂಡು ಬಂದರು. ನಾನು ಪಾತ್ರೆ ಅಂಗಡಿಗೆಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಂದು ಬಾಣಲೆ, ಎರಡು ಪಾತ್ರೆ, ಸೌಟು, ಒಳ್ಳೆಯದೊಂದು ಚಾಕು, ಅಷ್ಟಿದ್ದರೆ ನನಗೆ ಸಾಕಿತ್ತು. ಆದರೆ ನನ್ನವೇ ಆಗಿರಬೇಕಿತ್ತು, ಹೇಸದೆ ಉಣ್ಣುವಂತಿರಬೇಕಿತ್ತು.

"ಯಾಕಮ್ಮ ದಂಡ? ಮನೇಲಿ ಇಲ್ವಾ?" ಎಂದು ಅತ್ತೆ ಚೀಲವನ್ನು ಅಡುಗೆ ಕಟ್ಟೆಯ ಮೇಲೆ ಸುರಿದರು.

ಅಬ್ಬಬ್ಬಾ! ಸೌಟು ಹಿಡಿದರೆ ಬೆರಳು ಅಂಟಿಕೊಳ್ಳುತ್ತಿತ್ತು. ಮುಚ್ಚಳದ ಅಂಚಿನೊಳಗೆ ಜಿರಲೆ ಮೊಟ್ಟೆ. ಜರಡಿಯಲ್ಲಿ ಯಾವ ಕಾಲದ ಹಿಟ್ಟೋ, ಹುಳ ಬಿದ್ದು ಸತ್ತು ಒಣಗಿತ್ತು. ಬಾಣಲೆಯ ಕಥೆಯಂತೂ ಬೇಡ. ಒಳಗೂ ಹೊರಗೂ ಕರಿ ಜಿಡ್ಡು, ಕೆರೆದರೆ ಮೇಣದ ಹಾಗೆ ಉಗುರಿಗೆ ಬರುತ್ತಿತ್ತು. ಕಮಟು ಎಣ್ಣೆಯ ನಾತ ಬೇರೆ.

"ಉಜ್ಜಿಗಿಜ್ಜೀಯ ಮತ್ತೆ! ಪಳಗಿದ ಬಾಣಲೆ ಅದು. ಹೊಸದರಲ್ಲಿ ಮಾಡಿದ್ದೆಲ್ಲಾ ತಳ ಹಿಡಿಯುತ್ತೆ."

"ಅಮ್ಮ ಪ್ರೀತಿಯಿಂದ ಕೊಟ್ಟಿದ್ದು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ," ಎಂದರು ಇವರು. ಇವರಿಗೇನು, ತಟ್ಟೆಗೆ ಬಿದ್ದದ್ದು ಬಾಯಿಗೆ ಹೋದರಾಯಿತು. ಸಂಜೆ ಅದರಲ್ಲೇ ಮೊಟ್ಟೆ ಹುರಿದೆ. ಬಿಳಿಯ ಮೇಲೆಲ್ಲ ಕರಿ ಹಕ್ಕಳೆ. ಇವರು ಅದನ್ನು ಬದಿಗೆ ಸರಿಸಿ ಚಪ್ಪರಿಸಿಕೊಂಡು ತಿಂದರು. ನಾನು ಬರೀ ಬ್ರೆಡ್ಡು ತಿಂದು ಮಲಗಿದೆ. ವಾರವಿಡೀ ಅದೇ ನನ್ನ ಊಟ.

ಒಂದು ದಿನ ಇವರ ಫೋನಿನಲ್ಲಿ ಅತ್ತೆಯ ದನಿ ನನಗೂ ಕೇಳಿಸಿತು: "ನಿನ್ನ ಹೆಂಡ್ತಿ ಇನ್ನೂ ಪಳಗಿಲ್ಲ ಕಣೋ." ಬಾಣಲೆಗೂ ನನಗೂ ಒಂದೇ ಮಾತು! ಮೈಯೆಲ್ಲ ಉರಿದುಹೋಯಿತು.

ಭಾನುವಾರ ಅವರ ಮನೆಗೆ ಹೋದಾಗ ನೀರಿಗೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಫಳಫಳ ಹೊಳೆಯುವ ಬಾಣಲೆ, ಹಿಡಿಯ ಮೇಲಿನ ಚೀಟಿ ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಸೌಟು, ಜರಡಿ, ಮುಚ್ಚಳ, ಎಲ್ಲವೂ ಹೊಚ್ಚಹೊಸದು.

"ಇದಿನ್ನೂ ಪಳಗಿಲ್ವಲ್ಲ, ಅತ್ತೆ?"

ಅತ್ತೆ ಹಜಾರದ ಕಡೆ ನೋಡಿ ದನಿ ತಗ್ಗಿಸಿದರು. "ಆ ಹಳೇದು ನಮ್ಮತ್ತೆ ನನ್ನ ತಲೆಗೆ ಕಟ್ಟಿದ್ದು ಕಣೆ. ಮೊದಲ ದಿನ ಬಚ್ಚಲಿಗೆ ಓಡಿ ವಾಂತಿ ಮಾಡ್ಕೊಂಡಿದ್ದೆ. ಬಾಯಿ ಬಿಡೋ ಹಾಗಿತ್ತಾ? ಆಮೇಲಾಮೇಲೆ ಪಳಗಿಬಿಟ್ಟೆ. ಈಗ ನೀನು ಬಂದೆ, ನಂಗೆ ಬಿಡುಗಡೆ ಆಯ್ತು."

ನಗುತ್ತಿದ್ದರು ಬೇರೆ! ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಆ ಜಿಡ್ಡಿಗಿಂತ ಈ ನಗುವೇ ಹೆಚ್ಚು ಅಸಹ್ಯವಾಯಿತು. ತನಗೆ ವಾಕರಿಕೆ ತಂದದ್ದನ್ನು ಗೊತ್ತಿದ್ದೂ ಗೊತ್ತಿದ್ದೂ ನನ್ನ ಬಾಯಿಗೆ ತುರುಕಿದ್ದರು.

ಮನೆಗೆ ಬಂದವಳೇ ಎಲ್ಲವನ್ನೂ ಅದೇ ಗೋಣಿಚೀಲಕ್ಕೆ ತುಂಬಿ ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದೆ. ಸೋಪು ಹಾಕಿ ಕೈ ತೊಳೆದೆ, ಮೂಸಿ ನೋಡಿ ಮತ್ತೆ ತೊಳೆದೆ.

"ಅಮ್ಮ ಕೇಳಿದ್ರೆ ಏನು ಹೇಳ್ಲಿ?" ಇವರ ಮುಖ ಸಪ್ಪಗಾಗಿತ್ತು.

ನಾನು ಚಪ್ಪಲಿ ಹಾಕಿಕೊಂಡೆ. "ನಿಮ್ಮ ಸೊಸೆ ಪಳಗ್ಲಿಲ್ಲ ಅನ್ನಿ. ಬನ್ನಿ, ಪಾತ್ರೆ ಅಂಗಡಿ ಮುಚ್ಚಿಬಿಡ್ತಾರೆ."