ಬಾಯಿ ಬಂದ ಕಾಲುಚೀಲ

ನಾನು ಒಂದು ಕಾಲುಚೀಲ. ಜೋಡಿಯಾಗಿ ಹುಟ್ಟಿ ಒಂಟಿಯಾಗಿ ಉಳಿದವನು. ನನ್ನ ಜೋಡಿಯನ್ನು ಇಲಿ ಎಳೆದುಕೊಂಡು ಹೋಯಿತು. ಅದಕ್ಕೂ ಮೊದಲು ಬಸ್ ಕಂಡಕ್ಟರ್ ಒಬ್ಬರ ಎಡಗಾಲಿನಲ್ಲಿ ಉಸಿರು ಬಿಗಿಹಿಡಿದು ಬದುಕಿದೆ. ಆ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಆಗತಾನೇ ಊಟ ಮಾಡಿರಬಹುದು.

ಕಂಡಕ್ಟರರ ಹೆಂಡತಿ ಕಸ್ತೂರಿ ಅಂಗನವಾಡಿ ಶಿಕ್ಷಕಿ. ಊರಿಗೆಲ್ಲ ಕಸ್ತೂರಿ ಅಕ್ಕೋರು. ತಾಲ್ಲೂಕಿನ ತರಬೇತಿಗೆ ಬರುವಾಗ ಹಳೆಯ ಕಾಲುಚೀಲ ತನ್ನಿ, ಕೈಗೆ ಹಾಕಿಕೊಂಡು ಆಡಿಸುವ ಗೊಂಬೆ ಮಾಡೋಣ ಎಂದು ಮೇಲಿನವರು ಅವರಿಗೆ ಹೇಳಿಕಳಿಸಿದ್ದರು.

"ಇಷ್ಟ ವರ್ಷ ಮಕ್ಕಳನ್ನ ಸಂಬಾಳಿಸೇನಿ. ಈಗ ಗಂಡನ ಕಾಲುಚೀಲದ ಕಡಿಂದ ಕಲೀಬೇಕೇನ್ರೀ?" ಎಂದು ಗೊಣಗುತ್ತಲೇ ಅಕ್ಕೋರು ನನಗೆ ಗುಂಡಿಯ ಕಣ್ಣು, ಕೆಂಪು ಬಟ್ಟೆಯ ನಾಲಿಗೆ ಹೊಲಿದರು. ಸಿಟ್ಟಿನಲ್ಲಿ ಹೊಲಿದದ್ದರಿಂದ ಒಂದು ಕಣ್ಣು ಸೊಟ್ಟಗಾಯಿತು. ಊಟವಾದ ಮೇಲೆ ತರಬೇತಿಯ ಮೇಡಂ ವೃತ್ತಿಧರ್ಮದ ಪಾಠ ಶುರುಮಾಡಿದರು. ಮಗು ನಂಬಿ ಹೇಳಿದ ಮನೆಯ ಮಾತು ಅಂಗನವಾಡಿಯ ಬಾಗಿಲು ದಾಟಬಾರದು ಎಂದರು. ನಾನು ಗಮನವಿಟ್ಟು ಕೇಳಿದೆ. ಅಕ್ಕೋರು ಗೋಧಿ ಹುಗ್ಗಿಯ ಭಾರಕ್ಕೆ ತೂಕಡಿಸುತ್ತಿದ್ದರು.

ಅಂಗನವಾಡಿಯ ಮಕ್ಕಳು ನನಗೆ ಗುಂಡ್ಯಾ ಎಂದು ಹೆಸರಿಟ್ಟರು. ಅಲ್ಲಿ ತನುಶ್ರೀ ಎಂಬ ಹುಡುಗಿ ಇದ್ದಳು. ಸೇರಿ ಎಷ್ಟೋ ತಿಂಗಳಾದರೂ ಶೇಂಗಾ ಚಿಕ್ಕಿ ತಿನ್ನುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆದವಳಲ್ಲ. ಒಂದು ದಿನ ಅಕ್ಕೋರ ಕೈಯಲ್ಲಿದ್ದ ನನ್ನ ಹತ್ತಿರ ಬಂದು, ಕಿವಿ ಇರಬೇಕಾದ ಜಾಗದಲ್ಲಿ ಬಾಯಿಟ್ಟು ಪಿಸುಗುಟ್ಟಿದಳು.

"ಗುಂಡ್ಯಾ, ನಮ್ಮಜ್ಜಿ ದಿನಾ ಸಂಜಿಕ ಎಣ್ಣಿ ಹಾಕತಾಳ. ಆಮ್ಯಾಲ ಹಾಡತಾಳ. ನನಗ ಆ ವಾಸನಿ ಸೇರಂಗಿಲ್ಲ."

ನಮ್ಮ ಊರಲ್ಲಿ ಎಣ್ಣಿ ಹಾಕುವುದೆಂದರೆ ದೊಡ್ಡವರಿಗೆ ಒಂದೇ ಅರ್ಥ. ಹಾಕಿದವರು ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ತನುಶ್ರೀಯ ಅಜ್ಜಿಯಾದರೂ ಯಾರು? ಭಜನಾ ಮಂಡಳಿಯ ನೀಲವ್ವಜ್ಜಿ, ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದಾಕೆ. ಮಗು ಮಾತಾಡಿತಲ್ಲ ಎಂದು ಕುಣಿಯಬೇಕಿದ್ದ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಬಹಳ ಬೇಜಾರಾಯಿತು. ಅಷ್ಟಕ್ಕೇ ನಿಲ್ಲದೆ ಉಪ್ಪಿಟ್ಟು ತಿರುವುತ್ತಿದ್ದ ಸಹಾಯಕಿ ಫಕೀರವ್ವನಿಗೂ ಹೇಳಿ, "ಯಾರ ಮುಂದೂ ಅನ್ನಬ್ಯಾಡ ಮತ್ತ" ಎಂದರು. ಫಕೀರವ್ವ ಯಾರ ಮುಂದೂ ಅನ್ನಲಿಲ್ಲ. ನಲ್ಲಿಯ ಹತ್ತಿರ ಸಿಕ್ಕವರನ್ನೆಲ್ಲ "ನಿಮಗೂ ಗೊತ್ತೈತೇನ?" ಎಂದು ಕೇಳಿದಳು, ಅಷ್ಟೇ.

ಮರುದಿನ ನೀಲವ್ವಜ್ಜಿ ಮೊಮ್ಮಗಳನ್ನು ದರದರ ಎಳೆದುಕೊಂಡು ಬಂದಳು. ಬಂದವಳೇ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು.

"ಮೂಸಿ ನೋಡ್ರಿ. ಮೊಣಕಾಲ ನೋವಿಗೆ ಹಾಕೋ ಎಣ್ಣಿ ಇದು. ಹಾಡೋದು ಭಜನಿ. ಇನ್ನ ಈ ಹುಡುಗಿ ಇಲ್ಲಿ ಬರಂಗಿಲ್ಲ. ಬಾಯಿ ತೆರೆದು ಮನಿ ಮರ್ಯಾದಿ ಕಳೆಯೋದಕ್ಕಿಂತ ಸುಮ್ಮನ ಇರಲಿ."

ತನುಶ್ರೀ ಅಕ್ಕಿ ಚೀಲದ ಹಿಂದೆ ಮುದುಡಿ ಕೂತಳು. ಫಕೀರವ್ವ ಅಕ್ಕೋರ ಹತ್ತಿರ ಸರಿದು, "ಸಣ್ಣ ಹುಡುಗಿ, ಸುಳ್ಳು ಹೇಳ್ತು ಅಂದ್ಬಿಡ್ರಿ" ಎಂದು ಉಸುರಿದಳು. ಹಾಗೆಂದಿದ್ದರೆ ಅಕ್ಕೋರ ಮರ್ಯಾದೆ ಉಳಿಯುತ್ತಿತ್ತು. ಅವರು ನನ್ನನ್ನು ಕೈಯಲ್ಲಿಟ್ಟುಕೊಂಡೇ ಅಜ್ಜಿಯ ಕಡೆ ತಿರುಗಿದರು.

"ಹುಡುಗಿ ಖರೇನ ಹೇಳೈತಿ, ಅಜ್ಜಿ," ಎಂದರು ಅಕ್ಕೋರು. "ತಪ್ಪು ತಿಳಕೊಂಡಾಕಿ ನಾನು. ಹೊರಗ ಹೇಳಿದಾಕಿನೂ ನಾನ. ಬೈಯೋದಿದ್ರ ನನಗ ಬೈರಿ."

ಅಜ್ಜಿಗೆ ಇದರ ನಿರೀಕ್ಷೆಯೇ ಇರಲಿಲ್ಲ. ಮನೆಯಿಂದ ತಂದಿದ್ದ ಸಿಟ್ಟನ್ನೆಲ್ಲ ನನ್ನ ಮೇಲೆ ತಿರುಗಿಸಿ, "ಖರೇ ಹೇಳಿಸೋ ಚೀಲ ಇದೇನು, ಕೊಡ್ರಿಲ್ಲೆ" ಎಂದು ಕಸಿದು ಕೈಗೆ ಏರಿಸಿಕೊಂಡಳು. ಎಣ್ಣೆಯ ಘಾಟು ನನ್ನ ನೂಲುನೂಲಿಗೂ ಇಳಿಯಿತು. ಮಗು ಸುಳ್ಳು ಹೇಳಿರಲಿಲ್ಲ. ಅಜ್ಜಿ ನನ್ನನ್ನು ಮೊಮ್ಮಗಳ ಮುಂದೆ ಹಿಡಿದು, "ಹೇಳು, ಇನ್ನೇನೈತಿ" ಎಂದಳು.

ತನುಶ್ರೀ ನನ್ನ ಸೊಟ್ಟ ಕಣ್ಣನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, "ಗುಂಡ್ಯಾ, ನಾ ಇನ್ನ ಯಾರ ಮುಂದೂ ಮಾತಾಡಂಗಿಲ್ಲ. ನಿನ್ನ ಮುಂದೂ ಇಲ್ಲ" ಎಂದಳು.

ಒಳಗೆ ಅಜ್ಜಿಯ ಬೆರಳುಗಳು ಅಲುಗಿದವು. ನನ್ನ ಬಾಯಿ ಮೆಲ್ಲಗೆ ತೆರೆಯಿತು. ದನಿ ಮಾತ್ರ ಮುದುಕಿಯದು.

"ಹಂಗನಬ್ಯಾಡವಾ. ಗುಂಡ್ಯಾಗ ಬ್ಯಾರೆ ಯಾರದಾರ? ಹೇಳು, ಅಜ್ಜಿ ಎಣ್ಣಿ ವಾಸನಿ ಅಷ್ಟು ಕೆಟ್ಟೈತೇನು?"

ಮಗು ಯೋಚಿಸಿತು. "ಭಾಳ" ಎಂದಿತು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿಯೇ. ತನುಶ್ರೀ ಅಂಗನವಾಡಿಯಲ್ಲೇ ಉಳಿದಳು. ಈ ಕತೆಯನ್ನು ನೀಲವ್ವಜ್ಜಿ ತಾನಾಗಿಯೇ ಭಜನೆಗೆ ಬಂದವರಿಗೆಲ್ಲ ಹೇಳಿದ್ದರಿಂದ ನಿಮಗೂ ಹೇಳಿದೆ. ಮುಂದಿನ ತರಬೇತಿಯಲ್ಲಿ ಅಕ್ಕೋರು ಮುಂದಿನ ಸಾಲಿನಲ್ಲಿ ಕೂತು, ವೃತ್ತಿಧರ್ಮದ ಪಾಠವನ್ನು ಊಟಕ್ಕೆ ಮುಂಚೆಯೇ ಮಾಡಿ ಎಂದು ಕೈ ಎತ್ತಿ ಕೇಳಿದರು.

ನನಗೀಗ ವಯಸ್ಸಾಯಿತು. ಕಿಟಕಿಯ ಪಕ್ಕದ ಮೊಳೆಗೆ ನೇತುಬಿದ್ದಿದ್ದೇನೆ. ಆ ದಿನದ ನಂತರವೂ ತನುಶ್ರೀ ನನಗೆ ಎಷ್ಟೋ ವಿಷಯ ಹೇಳಿದ್ದಾಳೆ, ಬೇರೆ ಮಕ್ಕಳೂ ಹೇಳಿದ್ದಾರೆ. ನನ್ನ ಹಿಮ್ಮಡಿ ಹರಿದು ದೊಡ್ಡ ತೂತಾಗಿದೆ ನಿಜ. ಅಲ್ಲಿಂದ ಒಂದು ಮಾತೂ ಹೊರಬಿದ್ದಿಲ್ಲ.